ಕದ್ದು ನೋಡುವ ಯಂತ್ರ, ಮೈಮರೆತು ನೋಡುವ ನಾವು

1998ರ ನವೆಂಬರಿನಲ್ಲಿ ಅಮೆರಿಕದಲ್ಲಿ ತೆರೆಕಂಡ ‘ಎನಿಮಿ ಆಫ್ ದ ಸ್ಟೇಟ್’ ಎಂಬ ಚಿತ್ರ ಕೆಲವೇ ವರ್ಷಗಳಲ್ಲಿ ಕೇಬಲ್ ಟಿ.ವಿ.ಯ ಮೂಲಕ, ಸಿ.ಡಿ. ಬಾಡಿಗೆಗೆ ಕೊಡುವ ಅಂಗಡಿಗಳ ಮೂಲಕ ನಮ್ಮ ಕೊಡಗಿನ ಸಣ್ಣ ಪೇಟೆಗಳಿಗೂ ಬಂತು. ಟೋನಿ ಸ್ಕಾಟ್ ನಿರ್ದೇಶನದ ಆ ಚಿತ್ರದಲ್ಲಿ ಒಬ್ಬ ವಕೀಲನಿದ್ದಾನೆ. ಯಾರ ತಂಟೆಗೂ ಹೋಗದ ಸಂಸಾರಸ್ಥ. ಒಂದು ಸರೋವರದ ದಡದಲ್ಲಿ ಹೆಬ್ಬಾತುಗಳ ವಲಸೆಯನ್ನು ಅಭ್ಯಾಸ ಮಾಡಲು ಯಾರೋ ಇಟ್ಟ ಕ್ಯಾಮರಾದಲ್ಲಿ ಅಕಸ್ಮಾತ್ತಾಗಿ ಒಂದು ಕೊಲೆ ಸೆರೆಯಾಗುತ್ತದೆ. ಜನರ ಮೇಲೆ ಕಣ್ಣಿಡುವ ಅಧಿಕಾರವನ್ನು ಹೆಚ್ಚಿಸುವ ಮಸೂದೆಯೊಂದನ್ನು ವಿರೋಧಿಸಿದ ಸಂಸದನ ಕೊಲೆ ಅದು. ಕೊಲ್ಲಿಸಿದವನು ಗುಪ್ತಚರ ಸಂಸ್ಥೆಯ ಮೇಲಧಿಕಾರಿ. ಆ ಚಿತ್ರಣದ ಪ್ರತಿ ವಕೀಲನ ಕೈಚೀಲಕ್ಕೆ ಅವನಿಗೇ ತಿಳಿಯದಂತೆ ಬಂದು ಬೀಳುತ್ತದೆ. ಅಲ್ಲಿಂದ ಓಟ ಆರಂಭ. ಅವನ ಬೂಟಿನಲ್ಲಿ, ಕೈಗಡಿಯಾರದಲ್ಲಿ, ಪೆನ್ನಿನಲ್ಲಿ ಸುಳಿವು ಕೊಡುವ ಸಣ್ಣ ಯಂತ್ರಗಳು. ತಲೆಯ ಮೇಲೆ ಉಪಗ್ರಹ. ಕೆಲಸ ಹೋಗುತ್ತದೆ, ಬ್ಯಾಂಕಿನ ಕಾರ್ಡು ನಿಲ್ಲುತ್ತದೆ, ಹೆಂಡತಿಯೇ ಮನೆಯಿಂದ ಹೊರಗೆ ಹಾಕುತ್ತಾಳೆ.

ಇಂಗ್ಲಿಷ್ ಮಾತು ಅರ್ಥವಾಗದವರೂ ಈ ಚಿತ್ರವನ್ನು ಕಣ್ಣು ಮಿಟುಕಿಸದೆ ನೋಡಿದರು. ಆಮೇಲೆ ಇಂಥ ಚಿತ್ರಗಳ ಸಾಲೇ ಬಂತು. ಇಂದಿಗೂ ಮೊಬೈಲಿನ ಪರದೆಯ ಮೇಲೆ ಬರುತ್ತಲೇ ಇದೆ. ವಿಚಾರ ಮಾಡಬೇಕಾದ ಸಂಗತಿಯೊಂದು ಇಲ್ಲಿದೆ. ಯಾರೋ ತನ್ನನ್ನು ಕದ್ದು ನೋಡುತ್ತಿದ್ದಾರೆ ಎಂದು ತಿಳಿದರೆ ಮನುಷ್ಯ ಮುದುಡಿಕೊಳ್ಳುತ್ತಾನೆ. ಆದರೆ ಕದ್ದು ನೋಡುವುದರ ಬಗ್ಗೆ ತೆಗೆದ ಚಿತ್ರವನ್ನು ದುಡ್ಡು ಕೊಟ್ಟು, ಊಟ ಮರೆತು ನೋಡುತ್ತಾನೆ. ಇದು ಯಾಕೆ? ಉತ್ತರ ಹುಡುಕಲು ಹಾಲಿವುಡ್ಡಿನ ತನಕ ಹೋಗಬೇಕಾಗಿಲ್ಲ. ನಮ್ಮದೇ ದೇಶದ, ನಮ್ಮದೇ ಎರಡು ಭಾಷೆಗಳ ಓದಿನ ಚರಿತ್ರೆಯಲ್ಲಿ ಅದರ ಬೇರುಗಳಿವೆ.

ಹೆಬ್ಬೆಟ್ಟಿನಿಂದ ಆರಂಭ

ಮನುಷ್ಯನ ಗುರುತನ್ನು ಅವನ ಮಾತಿನಿಂದಲ್ಲದೆ ಅವನ ದೇಹದಿಂದಲೇ ಹಿಡಿಯುವ ವಿದ್ಯೆ ಬೆಳೆದದ್ದು ಲಂಡನ್ನಿನಲ್ಲಲ್ಲ, ಬಂಗಾಳದಲ್ಲಿ. 1858ರಲ್ಲಿ ಅಲ್ಲಿನ ಜಂಗೀಪುರದಲ್ಲಿದ್ದ ವಿಲಿಯಂ ಹರ್ಷೆಲ್ ಎಂಬ ಬ್ರಿಟಿಷ್ ಅಧಿಕಾರಿ ಗುತ್ತಿಗೆದಾರನೊಬ್ಬನ ಅಂಗೈಗೆ ಮಸಿ ಬಳಿದು ಕರಾರುಪತ್ರದ ಮೇಲೆ ಒತ್ತಿಸಿಕೊಂಡ. ನಾಳೆ ಇವನು ‘ಈ ರುಜು ನನ್ನದಲ್ಲ’ ಎನ್ನಬಾರದು ಎಂಬುದು ಅವನ ಲೆಕ್ಕ. ಹಿಂದಿನ ವರ್ಷವಷ್ಟೇ ಸಿಪಾಯಿಗಳ ದಂಗೆ ನಡೆದಿತ್ತು. ಆಳುವವರಿಗೆ ಆಳಿಸಿಕೊಳ್ಳುವವರ ಮಾತಿನ ಮೇಲೆ ನಂಬಿಕೆ ಹೋಗಿದ್ದ ಕಾಲ ಅದು.

ನಲವತ್ತು ವರ್ಷಗಳ ನಂತರ, 1897ರಲ್ಲಿ, ಜಗತ್ತಿನ ಮೊದಲ ಬೆರಳಚ್ಚು ವಿಭಾಗ ಕಲ್ಕತ್ತೆಯಲ್ಲಿ ಆರಂಭವಾಯಿತು. ಸಾವಿರಾರು ಬೆರಳಚ್ಚುಗಳ ರಾಶಿಯಲ್ಲಿ ಒಂದನ್ನು ಹುಡುಕಬೇಕಾದರೆ ಅವುಗಳನ್ನು ಒಂದು ಕ್ರಮದಲ್ಲಿ ಜೋಡಿಸಬೇಕು. ಆ ಕ್ರಮದ ಹಿಂದಿನ ಗಣಿತವನ್ನು ಕಂಡುಹಿಡಿದವನು ಪೊಲೀಸ್ ಇಲಾಖೆಯ ತರುಣ ಅಧಿಕಾರಿ ಖಾಜಿ ಅಜೀಜುಲ್ ಹಕ್. ಅವನೊಡನೆ ದುಡಿದವನು ಹೇಮಚಂದ್ರ ಬೋಸ್. ಆದರೆ ಜಗತ್ತು ಇದನ್ನು ಇಂದಿಗೂ ಕರೆಯುವುದು ಅವರ ಮೇಲಧಿಕಾರಿ ಎಡ್ವರ್ಡ್ ಹೆನ್ರಿಯ ಹೆಸರಿನಿಂದ. 1901ರಲ್ಲಿ ಈ ಪದ್ಧತಿ ಲಂಡನ್ನಿನ ಸ್ಕಾಟ್ಲೆಂಡ್ ಯಾರ್ಡಿಗೆ ಹೋಯಿತು. ಹಕ್ ಮತ್ತು ಬೋಸರಿಗೆ ಬಿರುದು, ಸ್ವಲ್ಪ ಹಣ ಸಿಕ್ಕಿದ್ದು ಬಹಳ ತಡವಾಗಿ. ಕಣ್ಣಿಡುವ ವಿದ್ಯೆಯ ತಾಂತ್ರಿಕ ಬುನಾದಿಯನ್ನು ಹಾಕಿದವರಲ್ಲಿ ಒಬ್ಬ ಮುಸಲ್ಮಾನ, ಒಬ್ಬ ಹಿಂದೂ ಇದ್ದರು ಎಂಬುದನ್ನು ನಮ್ಮ ಶಾಲಾ ಪುಸ್ತಕಗಳು ಹೇಳುವುದಿಲ್ಲ.

ಇದೇ ಕಾಲದಲ್ಲಿ ಪತ್ತೇದಾರಿ ಕತೆಗಳು ಲೋಕಪ್ರಿಯವಾದದ್ದು ಆಕಸ್ಮಿಕವಲ್ಲ. ಷರ್ಲಾಕ್ ಹೋಮ್ಸ್ ಹುಟ್ಟಿದ್ದು 1887ರಲ್ಲಿ. ಜನ ಹಳ್ಳಿ ಬಿಟ್ಟು ನಗರ ಸೇರುತ್ತಿದ್ದರು. ಪಕ್ಕದ ಮನೆಯವನು ಯಾರೆಂದು ಗೊತ್ತಿಲ್ಲದ ಬದುಕು ಆರಂಭವಾಗಿತ್ತು. ಅಪರಿಚಿತನ ಕೈಬೆರಳು, ಬೂಟಿನ ಮಣ್ಣು, ಸಿಗರೇಟಿನ ಬೂದಿ ನೋಡಿ ಅವನ ಜಾತಕ ಹೇಳಬಲ್ಲವನೊಬ್ಬನಿದ್ದಾನೆ ಎಂಬ ಕತೆ ಓದುಗರಿಗೆ ಧೈರ್ಯ ಕೊಟ್ಟಿತು. ಸರ್ಕಾರದ ಕೈಗೆ ಹೊಸ ಯಂತ್ರ ಬಂದಾಗಲೆಲ್ಲ ಅದರ ಬೆನ್ನಿಗೇ ಒಂದು ಬಗೆಯ ಕತೆಯೂ ಬಂದಿದೆ.

ಇಬ್ನೆ ಸಫಿಯ ಓದುಗರು

ಉರ್ದು, ಕನ್ನಡ ಎರಡನ್ನೂ ಶಾಲೆಯಲ್ಲಿ ಕಲಿತ ನನ್ನಂಥವರಿಗೆ ಪತ್ತೇದಾರಿ ಎಂದಕೂಡಲೇ ಎರಡು ಹೆಸರು ನೆನಪಾಗುತ್ತವೆ. ಒಂದು ಇಬ್ನೆ ಸಫಿ, ಇನ್ನೊಂದು ಎನ್. ನರಸಿಂಹಯ್ಯ.

ಅಲಹಾಬಾದ್ ಜಿಲ್ಲೆಯ ನಾರಾ ಎಂಬ ಊರಿನಲ್ಲಿ 1928ರಲ್ಲಿ ಹುಟ್ಟಿದ ಅಸ್ರಾರ್ ಅಹ್ಮದ್, ಇಬ್ನೆ ಸಫಿ ಎಂಬ ಹೆಸರಿನಲ್ಲಿ 1952ರ ಮಾರ್ಚಿನಿಂದ ‘ಜಾಸೂಸೀ ದುನಿಯಾ’ ಮಾಲೆಯನ್ನು ಬರೆಯತೊಡಗಿದರು. ಅದೇ ವರ್ಷ ಅವರು ಕರಾಚಿಗೆ ಹೋದರು. 1955ರಲ್ಲಿ ‘ಇಮ್ರಾನ್ ಸೀರೀಸ್’ ಆರಂಭವಾಯಿತು. ಎರಡು ದೇಶಗಳ ನಡುವೆ ಗಡಿ ಗಟ್ಟಿಯಾಗುತ್ತಿದ್ದ ಆ ದಿನಗಳಲ್ಲಿ ಅವರ ಪುಸ್ತಕಗಳು ಕರಾಚಿಯಲ್ಲೂ ಅಲಹಾಬಾದಿನಲ್ಲೂ ಅಚ್ಚಾಗುತ್ತಿದ್ದವು. ಮೂರು ವರ್ಷ ಕಾಯಿಲೆಯಿಂದ ಬರವಣಿಗೆ ನಿಂತು, 1963ರಲ್ಲಿ ‘ಡೇಢ್ ಮತ್‌ವಾಲೇ’ ಹೊರಬಂದಾಗ ಅದರ ಭಾರತೀಯ ಆವೃತ್ತಿಯನ್ನು ಬಿಡುಗಡೆ ಮಾಡಿದವರು ಲಾಲ್ ಬಹಾದ್ದೂರ್ ಶಾಸ್ತ್ರಿ. ಹಿಂದಿ ಆವೃತ್ತಿಗಳಲ್ಲಿ ಕರ್ನಲ್ ಫರೀದಿ ‘ಕರ್ನಲ್ ವಿನೋದ್’ ಆದ. ಲಿಪಿ ಬದಲಾದಾಗ ನಾಯಕನ ಹೆಸರೂ ಬದಲಾಗಬೇಕಾಯಿತು. ಓದುಗರ ಉತ್ಸಾಹ ಮಾತ್ರ ಎರಡು ಕಡೆಯೂ ಒಂದೇ ಆಗಿತ್ತು.

ಇಮ್ರಾನ್ ಎಂಬ ಪಾತ್ರವನ್ನು ಗಮನಿಸಿ. ನೋಡುವವರಿಗೆ ಅವನೊಬ್ಬ ಪೆದ್ದ, ವಿದೂಷಕ. ನಿಜದಲ್ಲಿ ದೇಶದ ಗುಪ್ತಚರ ವಿಭಾಗದ ಮುಖ್ಯಸ್ಥ ‘ಎಕ್ಸ್-ಟೂ’ ಅವನೇ. ಅವನ ಕೈಕೆಳಗಿನವರಿಗೂ ಇದು ತಿಳಿಯದು. ಫೋನಿನಲ್ಲಿ ಎಕ್ಸ್-ಟೂನ ಗಡಸು ದನಿ ಕೇಳಿ ನಡುಗುವವರು, ಎದುರಿಗೆ ಬಂದ ಇಮ್ರಾನನನ್ನು ಗೇಲಿ ಮಾಡುತ್ತಾರೆ. ಎಲ್ಲರನ್ನೂ ನೋಡುವ ಕಣ್ಣು ಯಾರಿಗೂ ಕಾಣದೆ ನಡುಮನೆಯಲ್ಲೇ ಕುಳಿತು ಚೂಯಿಂಗ್ ಗಮ್ ಜಗಿಯುತ್ತಿದೆ! ವಿಭಜನೆಯ ನಂತರ ‘ನೀನು ಯಾರ ಕಡೆಯವನು’ ಎಂಬ ಪ್ರಶ್ನೆಯನ್ನು ಬಾಯಿಬಿಟ್ಟೋ ಬಿಡದೆಯೋ ಎದುರಿಸುತ್ತಿದ್ದ ಉರ್ದು ಓದುಗರಿಗೆ ಈ ಪಾತ್ರ ಕೊಟ್ಟ ಸುಖ ಎಂಥದ್ದೆಂದು ಊಹಿಸಬಹುದು. ಎಲ್ಲರೂ ಶಂಕಿಸುವ, ಎಲ್ಲರೂ ನಗುವ ಮನುಷ್ಯನೇ ದೇಶ ಕಾಯುತ್ತಿರುವವನು. ಕರಾಚಿಯಿಂದ ಬಂದ ಬಂಧುಗಳ ಕಾಗದ ಅಂಚೆಯಲ್ಲಿ ಯಾರೋ ಒಡೆದು ಓದಿರಬಹುದೆಂಬ ಅಳುಕು ಮನೆಗಳಲ್ಲಿತ್ತು. 1898ರ ಅಂಚೆ ಕಾಯ್ದೆಯ 26ನೇ ಕಲಮು ಅದಕ್ಕೆ ಅವಕಾಶವನ್ನೂ ಕೊಟ್ಟಿತ್ತು. ಅದೇ ಮನೆಗಳಲ್ಲಿ ಜನ ಗುಪ್ತಚರನ ಕತೆಯನ್ನು ಕೈಯಿಂದ ಕೈಗೆ ದಾಟಿಸಿ ಓದಿದರು.

ಕನ್ನಡದಲ್ಲಿ ಹೆಚ್ಚು ಶಾಲೆ ಕಲಿಯದ ನರಸಿಂಹಯ್ಯನವರು ‘ಪತ್ತೇದಾರ ಪುರುಷೋತ್ತಮ’ನನ್ನು ಸೃಷ್ಟಿಸಿ ನೂರಾರು ಕಾದಂಬರಿ ಬರೆದರು. ಬಸ್ ನಿಲ್ದಾಣದ ಅಂಗಡಿಗಳಲ್ಲಿ, ಬಾಡಿಗೆ ಪುಸ್ತಕದ ಅಂಗಡಿಗಳಲ್ಲಿ ಅವು ಮಾಸಿ ಹರಿಯುವವರೆಗೂ ಓಡಾಡಿದವು. ವಿಮರ್ಶಕರು ಮೂಗು ಮುರಿದರೂ ಕೂಲಿಯವರು, ಗುಮಾಸ್ತರು, ಹೋಟೆಲ್ ಮಾಣಿಗಳು ಓದುವ ಅಭ್ಯಾಸ ಕಲಿತದ್ದು ಇಂಥ ಪುಸ್ತಕಗಳಿಂದ ಎಂಬುದನ್ನು ಮರೆಯಬಾರದು.

ಸಿ.ಐ.ಡಿ. 999 ಮತ್ತು ಕೊಡಗಿನ ಕೋವಿ

ಜೇಮ್ಸ್ ಬಾಂಡನ ಮೊದಲ ಚಿತ್ರ 1962ರಲ್ಲಿ ಬಂದಿತು. ಆರು ವರ್ಷಗಳಲ್ಲಿ ಕನ್ನಡಕ್ಕೂ ಒಬ್ಬ ಬಾಂಡ್ ಬಂದ. ದೊರೆ-ಭಗವಾನ್ ಜೋಡಿ 1968ರಲ್ಲಿ ‘ಜೇಡರ ಬಲೆ’ ಚಿತ್ರವನ್ನು ತೆಗೆದಾಗ ರಾಜಕುಮಾರ್ ಆಗಲೇ ಭಕ್ತಿ, ಪುರಾಣದ ಚಿತ್ರಗಳಲ್ಲಿ ಮನೆಮಾತಾಗಿದ್ದರು. ಕಬೀರ, ಕನಕದಾಸರ ಪಾತ್ರ ಮಾಡಿದ ನಟ ಸೂಟು ತೊಟ್ಟು ‘ಸಿ.ಐ.ಡಿ. 999’ ಆಗಿ ನಿಂತರು. ಜನ ಒಪ್ಪಿಕೊಂಡರು. ಅದೇ ವರ್ಷ ‘ಗೋವಾದಲ್ಲಿ ಸಿ.ಐ.ಡಿ. 999’, ಮರುವರ್ಷ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’, ಹತ್ತು ವರ್ಷದ ನಂತರ 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’ ಬಂದವು. ಇದೇ ದೊರೆ-ಭಗವಾನ್ ಕೊಡಗಿನ ಕಾದಂಬರಿಕಾರ ಭಾರತೀಸುತರ ಕೃತಿಯನ್ನಾಧರಿಸಿ 1977ರಲ್ಲಿ ‘ಗಿರಿಕನ್ಯೆ’ಯನ್ನೂ ತೆಗೆದರು. ಅಂದರೆ, ನಮ್ಮ ಪ್ರೇಕ್ಷಕರ ಮಟ್ಟಿಗೆ ಗುಡ್ಡಗಾಡಿನ ಕತೆಯೂ ಗೂಢಚಾರನ ಕತೆಯೂ ಒಂದೇ ಅಂಗಡಿಯ ಸರಕಾಗಿದ್ದವು.

ಕೊಡಗಿನ ಪ್ರೇಕ್ಷಕನ ವಿಶೇಷವೊಂದಿದೆ. ಬೇರೆ ಊರುಗಳಲ್ಲಿ ನಾಯಕ ಪಿಸ್ತೂಲು ತೆಗೆದರೆ ಶಿಳ್ಳೆ ಬೀಳುತ್ತಿತ್ತು. ಇಲ್ಲಿ ಕೋವಿ ಎಂಬುದು ಐನ್‌ಮನೆಯ ಗೋಡೆಯ ಮೇಲಿರುವ ವಸ್ತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದದ್ದು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಕೈಲ್ ಪೊಳ್ದಿನ ದಿನ ಕೋವಿಗೆ ಹೂ ಮುಡಿಸಿ ಪೂಜಿಸುವವರಿಗೆ ಬಾಂಡನ ಪಿಸ್ತೂಲು ದೊಡ್ಡ ವಿಷಯವಲ್ಲ. ಮನೆಮನೆಯಲ್ಲೂ ನಿವೃತ್ತ ಸೈನಿಕರಿರುವ ಜಿಲ್ಲೆಯಲ್ಲಿ ಯುದ್ಧದ ಕತೆಯೂ ಹೊಸತಲ್ಲ. ಇಲ್ಲಿಯವರನ್ನು ಬೆರಗುಗೊಳಿಸಿದ್ದು ಬೇರೆಯೇ: ಗೋಡೆಯ ಆಚೆಯ ಮಾತು ಕೇಳಿಸುವ ಯಂತ್ರ, ಗುಂಡಿಯಷ್ಟು ದೊಡ್ಡ ಕ್ಯಾಮರಾ, ಕೈಗಡಿಯಾರದಲ್ಲಿ ಬರುವ ದನಿ. ಮಳೆಗಾಲದಲ್ಲಿ ಮರ ಬಿದ್ದರೆ ವಾರಗಟ್ಟಲೆ ಫೋನು ಸತ್ತು, ಪಕ್ಕದ ತೋಟದ ಸುದ್ದಿಯೂ ಬಾರದಿದ್ದ ನಾಡಿನಲ್ಲಿ, ದೂರದ ಮಾತನ್ನು ಕ್ಷಣದಲ್ಲಿ ಹಿಡಿಯುವ ಯಂತ್ರಕ್ಕಿಂತ ದೊಡ್ಡ ಜಾದೂ ಯಾವುದು?

ಆಕರ್ಷಣೆಯ ಗುಟ್ಟು

ಕತೆ ಬರೆಯುವವನಾಗಿ ಈ ಚಿತ್ರಗಳ ಕಟ್ಟುವಿಕೆಯನ್ನು ನೋಡಿದರೆ ಮೂರು ಸಂಗತಿ ಕಾಣುತ್ತದೆ.

ಮೊದಲನೆಯದು, ಇವು ನಮ್ಮನ್ನು ಒಂದೇ ಕಾಲಕ್ಕೆ ಎರಡು ಕುರ್ಚಿಗಳಲ್ಲಿ ಕೂರಿಸುತ್ತವೆ. ಓಡುತ್ತಿರುವ ವಕೀಲನ ಜೊತೆ ನಮ್ಮ ಎದೆಯೂ ಬಡಿದುಕೊಳ್ಳುತ್ತದೆ. ಮರುಕ್ಷಣ ಕ್ಯಾಮರಾ ಆಕಾಶಕ್ಕೆ ಏರಿ, ನಾವು ಉಪಗ್ರಹದ ಕಣ್ಣಿನಿಂದ ಅವನನ್ನೇ ಹುಡುಕುತ್ತೇವೆ. ಬೇಟೆಯ ಭಯ, ಬೇಟೆಗಾರನ ಹುರುಪು ಎರಡೂ ಒಂದೇ ಟಿಕೇಟಿಗೆ ಸಿಗುತ್ತವೆ. ಜೀವಮಾನವೆಲ್ಲ ಬೇರೆಯವರ ಕಣ್ಣಿನ ಕೆಳಗೆ ದುಡಿದವನಿಗೆ ಎರಡೂವರೆ ಗಂಟೆ ಕಾಲ ಮೇಲಿನ ಕುರ್ಚಿ ಸಿಗುವುದು ಸಣ್ಣ ಸುಖವಲ್ಲ.

ಎರಡನೆಯದು ವೇಗ. ವೇಗವಿದ್ದಲ್ಲಿ ಅನುಮಾನಕ್ಕೆ ಬಿಡುವಿಲ್ಲ. ಆ ಚಿತ್ರದ ಉಪಗ್ರಹ ಒಬ್ಬ ಮನುಷ್ಯನ ತಲೆಯ ಮೇಲೆ ನಿಂತು ಅವನ ಹಿಂದೆಯೇ ಓಡಿಬರುತ್ತದೆ. ನಿಜದಲ್ಲಿ ಛಾಯಾಚಿತ್ರ ತೆಗೆಯುವ ಉಪಗ್ರಹಗಳು ಭೂಮಿಗೆ ಸುತ್ತು ಹಾಕುತ್ತ ಒಂದು ಊರಿನ ಮೇಲಿನಿಂದ ಕೆಲವೇ ನಿಮಿಷಗಳಲ್ಲಿ ದಾಟಿಹೋಗುತ್ತವೆ. ಮೋಡ ಮುಚ್ಚಿದರೆ ಅವುಗಳ ಸಾಮಾನ್ಯ ಕ್ಯಾಮರಾಕ್ಕೆ ಏನೂ ಕಾಣುವುದಿಲ್ಲ. ಜೂನಿನಿಂದ ಸೆಪ್ಟೆಂಬರಿನವರೆಗೆ ಕೊಡಗಿನಲ್ಲಿ ಅಡಗಿ ಕೂತವನನ್ನು ಆ ಕಣ್ಣು ಹಿಡಿಯುವುದು ಕಷ್ಟವೇ! ಆದರೆ ಚಿತ್ರ ನೋಡುವಾಗ ಯಾರೂ ಇದನ್ನು ಕೇಳುವುದಿಲ್ಲ. ಕೇಳುವಷ್ಟರಲ್ಲಿ ಮುಂದಿನ ಕಾರು ಹಾರಿರುತ್ತದೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಇಂಥ ಕತೆ ನಿಲ್ಲಬೇಕಾದರೆ ನೋಡುವ ಯಂತ್ರ ತಪ್ಪು ಮಾಡಬಾರದು. ಯಂತ್ರವನ್ನು ಕೆಟ್ಟವರು ಬಳಸಬಹುದು, ಆದರೆ ಯಂತ್ರ ಕಂಡದ್ದು ಯಾವಾಗಲೂ ನಿಜ. ಖಳನಾಯಕನ ಪರದೆಯ ಮೇಲೆ ಕೆಂಪು ಚುಕ್ಕೆ ಎಲ್ಲಿ ಮಿನುಗಿತೋ ಅಲ್ಲೇ ನಾಯಕನಿರುತ್ತಾನೆ. ಅಕ್ಕಪಕ್ಕದ ಮನೆಯವನ ಬಾಗಿಲನ್ನು ಒಡೆದು, ‘ಕ್ಷಮಿಸಿ, ಹೆಸರು ಒಂದೇ ಇತ್ತು’ ಎಂದು ಹೇಳುವ ದೃಶ್ಯ ಇರುವುದಿಲ್ಲ, ಇದ್ದರೂ ತಮಾಷೆಗಾಗಿ. ಹೀಗೆ ಕಣ್ಗಾವಲನ್ನು ವಿರೋಧಿಸಲೆಂದೇ ತೆಗೆದ ಚಿತ್ರಗಳೂ ನಮಗೆ ಗೊತ್ತಿಲ್ಲದಂತೆ ಒಂದು ನಂಬಿಕೆಯನ್ನು ಕಲಿಸಿಬಿಡುತ್ತವೆ: ಯಂತ್ರ ಹೇಳಿತೆಂದರೆ ಮುಗಿಯಿತು.

ಪೂರ್ಣಚಂದ್ರ ತೇಜಸ್ವಿ ಈ ನಂಬಿಕೆಯನ್ನು ಕನ್ನಡದಲ್ಲಿ ಬಹಳ ಮೊದಲೇ ಗೇಲಿ ಮಾಡಿದ್ದರು. ಅವರ ‘ಚಿದಂಬರ ರಹಸ್ಯ’ 1985ರಲ್ಲಿ ಬಂತು. ಏಲಕ್ಕಿ ಇಳುವರಿ ಕುಸಿದದ್ದರ ಹಿಂದಿನ ಸಂಚನ್ನು ಭೇದಿಸಲು ಗುಪ್ತಚರ ಅಧಿಕಾರಿ ಅಂಗಡಿ ಮಲೆನಾಡಿನ ಕೆಸರೂರಿಗೆ ಬರುತ್ತಾನೆ. ಪತ್ತೇದಾರಿ ಕತೆಯ ಸಕಲ ಸಾಮಗ್ರಿಯೂ ಅಲ್ಲಿದೆ. ಆದರೆ ಅಧಿಕಾರಿಯ ತನಿಖೆಗಿಂತ ವೇಗವಾಗಿ ಊರಿನಲ್ಲಿ ಗಾಳಿಮಾತು ಓಡುತ್ತದೆ, ಹಿಂದೂ-ಮುಸ್ಲಿಂ ಗುಮಾನಿ ಬೆಳೆಯುತ್ತದೆ. ನೋಡಲು ಬಂದವನಿಗೆ ಕಾಣುವುದು ತುಣುಕುಗಳು ಮಾತ್ರ. ಓದುಗರನ್ನು ಓಡಿಸಿಕೊಂಡೇ ಹೋಗುವ ಆ ಕಾದಂಬರಿ, ಎಲ್ಲವನ್ನೂ ಬಲ್ಲ ಕಣ್ಣು ಎಂಬುದೊಂದಿಲ್ಲ ಎಂದು ತೋರಿಸಿತು. ಅದು ಜನಪ್ರಿಯವೂ ಆಯಿತು, ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನವನ್ನೂ ಪಡೆಯಿತು.

ನಿಧಾನವಾಗಿ ನೋಡುವ ಕಣ್ಣು

ನಿಜವಾದ ಕಣ್ಗಾವಲಿಗೆ ವೇಗವಿಲ್ಲ, ಹಿನ್ನೆಲೆ ಸಂಗೀತವಿಲ್ಲ. ಅದು ಹೆಚ್ಚಾಗಿ ಕಾಗದದ ಕೆಲಸ. ಕಾಫಿ ತೋಟದ ಲೈನ್ ಮನೆಗಳಲ್ಲಿ ಬಾಳಿದವರಿಗೆ ಇದು ಚೆನ್ನಾಗಿ ಗೊತ್ತು. ಯಾರು ಎಷ್ಟು ಹೊತ್ತಿಗೆ ಬಂದರು, ಯಾರ ಮನೆಗೆ ನೆಂಟರು ಬಂದು ಎಷ್ಟು ದಿನ ಉಳಿದರು, ಯಾರ ಚೀಲದಲ್ಲಿ ಮೆಣಸಿನ ವಾಸನೆ ಬಂತು ಎಂಬುದೆಲ್ಲ ಮೇಸ್ತ್ರಿಯ ಕಣ್ಣಿನಿಂದ ರೈಟರನ ಪುಸ್ತಕಕ್ಕೆ, ಅಲ್ಲಿಂದ ಸಾಹುಕಾರರ ಕಿವಿಗೆ ಹೋಗುತ್ತಿತ್ತು. ಅದಕ್ಕೆ ಯಾವ ಉಪಗ್ರಹವೂ ಬೇಕಾಗಲಿಲ್ಲ.

ಪೊಲೀಸ್ ಠಾಣೆಯ ಕಡತವೂ ಹೀಗೇ. ಉತ್ತರ ಪ್ರದೇಶದ ಖರಕ್ ಸಿಂಗ್ ಎಂಬಾತನನ್ನು 1941ರಲ್ಲಿ ಡಕಾಯಿತಿಯ ಆರೋಪದ ಮೇಲೆ ಹಿಡಿದು, ಸಾಕ್ಷ್ಯವಿಲ್ಲವೆಂದು ಬಿಟ್ಟರು. ಆದರೂ ಅವನ ಹೆಸರಿನಲ್ಲಿ ಒಂದು ಕಡತ ತೆರೆದುಕೊಂಡಿತು. ರಾತ್ರಿ ಬಂದು ಬಾಗಿಲು ತಟ್ಟಿ ‘ಇದ್ದೀಯಾ?’ ಎಂದು ಕೇಳುವುದು, ಊರು ಬಿಟ್ಟರೆ ತಿಳಿಸಬೇಕೆಂದು ತಾಕೀತು ಮಾಡುವುದು ವರ್ಷಗಟ್ಟಲೆ ನಡೆಯಿತು. 1962ರಲ್ಲಿ ಸುಪ್ರೀಂ ಕೋರ್ಟು ರಾತ್ರಿಯ ಬಾಗಿಲು ತಟ್ಟುವಿಕೆಯನ್ನು ತಪ್ಪೆಂದಿತು, ಹಗಲಿನ ಹಿಂಬಾಲಿಸುವಿಕೆಯನ್ನು ಬಿಟ್ಟುಕೊಟ್ಟಿತು. ಸಾಕ್ಷ್ಯವಿಲ್ಲವೆಂದು ಬಿಟ್ಟವನ ಮೇಲೂ ಗುಮಾನಿ ಉಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಕರ್ನಾಟಕದ ದೊಡ್ಡ ಕದ್ದಾಲಿಕೆ ಪ್ರಕರಣದಲ್ಲೂ ಕಾರುಗಳು ಹಾರಲಿಲ್ಲ. ರಾಜಕಾರಣಿಗಳ ದೂರವಾಣಿಗಳನ್ನು ಕದ್ದು ಆಲಿಸಲಾಗಿದೆಯೆಂಬ ಆರೋಪ ಎದ್ದು, 1988ರ ಆಗಸ್ಟಿನಲ್ಲಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟರು. ಕದ್ದಾಲಿಸಲು ಆಧಾರವಾಗಿದ್ದ ಕಾನೂನು 1885ರದು. ಟೆಲಿಗ್ರಾಫಿನ ಕಾಲದ ಆ ಕಾಯ್ದೆಗೆ ಒಂದಿಷ್ಟು ನಿಯಮದ ಬೇಲಿ ಹಾಕಲು ಸುಪ್ರೀಂ ಕೋರ್ಟಿಗೆ 1996ರವರೆಗೆ ಬೇಕಾಯಿತು. ಗೃಹ ಕಾರ್ಯದರ್ಶಿಯ ಲಿಖಿತ ಆದೇಶವಿರಬೇಕು, ಅದನ್ನು ಒಂದು ಸಮಿತಿ ಪರಿಶೀಲಿಸಬೇಕು ಎಂದು ಆಗ ಹೇಳಲಾಯಿತು. 2019ರಲ್ಲಿ ಮತ್ತೆ ಕರ್ನಾಟಕದಲ್ಲಿ ಕದ್ದಾಲಿಕೆಯ ಆರೋಪ ಎದ್ದು ಸಿ.ಬಿ.ಐ. ತನಿಖೆಗೆ ಹೋಯಿತು. ಮುಖ್ಯಮಂತ್ರಿಗಳ ಮಟ್ಟದಲ್ಲಿ ಸುದ್ದಿಯಾಗುವ ಇದು, ಬಡವನ ಮಟ್ಟದಲ್ಲಿ ಸುದ್ದಿಯೂ ಆಗುವುದಿಲ್ಲ.

2020ರ ಜನವರಿಯನ್ನು ನೆನೆಯಬಹುದು. ಪೌರತ್ವದ ಚರ್ಚೆ ದೇಶವನ್ನೆಲ್ಲ ಆವರಿಸಿದ್ದಾಗ ಕೊಡಗಿನ ತೋಟಗಳಲ್ಲಿ ದುಡಿಯಲು ಅಸ್ಸಾಮ್ ಮೊದಲಾದ ಕಡೆಯಿಂದ ಬಂದಿದ್ದ ನೂರಾರು ಕಾರ್ಮಿಕರನ್ನು ಪಟ್ಟಣಗಳಿಗೆ ಕರೆಸಿ, ಸಾಲಾಗಿ ನಿಲ್ಲಿಸಿ ಪೊಲೀಸರು ದಾಖಲೆ ಪರಿಶೀಲಿಸಿದರು. ಕಾಫಿ ಕೊಯ್ಲಿನ ಕಾಲ ಅದು. ಆ ದಿನದ ಕೂಲಿಯ ಮಾತು ಬೇರೆ. ತಾನು ತಾನೇ ಎಂದು ರುಜುವಾತು ಮಾಡಲು ಚೀಟಿ ಹಿಡಿದು ನಿಂತ ಮನುಷ್ಯನಿಗೂ, 1858ರಲ್ಲಿ ಜಂಗೀಪುರದಲ್ಲಿ ಅಂಗೈ ಒತ್ತಿದವನಿಗೂ ನಡುವೆ ನೂರಾ ಅರವತ್ತೆರಡು ವರ್ಷಗಳ ಅಂತರವಿತ್ತು. ಸಾಲಿನಲ್ಲಿ ನಿಂತವನ ಕತೆಗೆ ನಾಯಕನಿಲ್ಲ. ಯಾರೂ ಅದನ್ನು ಸಿನಿಮಾ ಮಾಡುವುದಿಲ್ಲ.

ಒಂದು ಸಿಮ್ ಕಾರ್ಡಿನ ಕತೆ

ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆಯಲ್ಲಿ ಹುಟ್ಟಿದ ಒಬ್ಬ ವೈದ್ಯನ ಕತೆಯನ್ನಾದರೂ ಸಿನಿಮಾ ಮಾಡಬಹುದಿತ್ತು. ಡಾ. ಮುಹಮ್ಮದ್ ಹನೀಫ್ ಬೆಂಗಳೂರಿನಲ್ಲಿ ಓದಿ, ಇಂಗ್ಲೆಂಡಿನಲ್ಲಿ ದುಡಿದು, 2006ರಲ್ಲಿ ಆಸ್ಟ್ರೇಲಿಯಕ್ಕೆ ಹೋದರು. ಹೊರಡುವಾಗ ತಮ್ಮ ಮೊಬೈಲಿನ ಸಿಮ್ ಕಾರ್ಡನ್ನು ಅಲ್ಲೇ ಇದ್ದ ದೂರದ ಸಂಬಂಧಿಗೆ ಬಿಟ್ಟುಹೋದರು. ಹೊರದೇಶದಲ್ಲಿ ದುಡಿಯುವ ನಮ್ಮ ಹುಡುಗರು ಹಾಸಿಗೆ, ಪಾತ್ರೆ, ಸಿಮ್ಮುಗಳನ್ನು ಹೀಗೆಯೇ ಒಬ್ಬರಿಗೊಬ್ಬರು ಬಿಟ್ಟುಬರುತ್ತಾರೆ. 2007ರ ಜೂನ್ 30ರಂದು ಗ್ಲಾಸ್ಗೋ ವಿಮಾನ ನಿಲ್ದಾಣಕ್ಕೆ ಉರಿಯುವ ಜೀಪನ್ನು ನುಗ್ಗಿಸಿದ ದಾಳಿ ನಡೆಯಿತು. ಅದನ್ನು ಮಾಡಿದವನು ಆ ಸಂಬಂಧಿಯ ಅಣ್ಣ.

ಜುಲೈ 2ರಂದು, ಆಗಷ್ಟೇ ಹುಟ್ಟಿದ ಮಗಳನ್ನು ನೋಡಲು ಊರಿಗೆ ಹೊರಟಿದ್ದ ಹನೀಫರನ್ನು ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಬಂಧಿಸಲಾಯಿತು. ಆರೋಪ ಹೊರಿಸದೆಯೇ ಹನ್ನೆರಡು ದಿನ ಕೂಡಿಹಾಕಿದರು. ಜುಲೈ 14ರಂದು ನ್ಯಾಯಾಲಯದಲ್ಲಿ ಸರ್ಕಾರಿ ವಕೀಲರು ಆ ಸಿಮ್ ಕಾರ್ಡು ಗ್ಲಾಸ್ಗೋದ ಜೀಪಿನಲ್ಲಿ ಸಿಕ್ಕಿತೆಂದು ಹೇಳಿದರು. ಎಂಥ ಸಿನಿಮೀಯ ವಿವರ! ಉರಿದ ಜೀಪು, ಅದರೊಳಗೆ ಸಣ್ಣದೊಂದು ಚಿಪ್ಪು, ಆ ಚಿಪ್ಪಿನಿಂದ ಭೂಮಿಯ ಇನ್ನೊಂದು ತುದಿಯವರೆಗೆ ಎಳೆದ ಗೆರೆ. ಜಗತ್ತು ನಂಬಿತು, ಯಾಕೆಂದರೆ ಇಂಥ ಗೆರೆಗಳನ್ನು ನಾವೆಲ್ಲ ನೂರು ಸಲ ಪರದೆಯ ಮೇಲೆ ನೋಡಿದ್ದೆವು.

ಕೆಲವೇ ದಿನಗಳಲ್ಲಿ ಆಸ್ಟ್ರೇಲಿಯದ ಪತ್ರಕರ್ತರು ನಿಜವನ್ನು ಹೊರಗೆ ತಂದರು. ಸಿಮ್ ಕಾರ್ಡು ಜೀಪಿನಲ್ಲಿರಲೇ ಇಲ್ಲ. ಅದಿದ್ದದ್ದು ನೂರಾರು ಕಿಲೋಮೀಟರು ದೂರದ ಲಿವರ್‌ಪೂಲಿನಲ್ಲಿ, ಆ ಸಂಬಂಧಿಯ ಬಳಿ. ಹನೀಫರ ವಕೀಲ ಸ್ಟೀಫನ್ ಕೀಮ್ ಪೊಲೀಸ್ ವಿಚಾರಣೆಯ ಪ್ರತಿಯನ್ನೇ ಪತ್ರಿಕೆಗೆ ಕೊಟ್ಟು, ತಮ್ಮ ವೃತ್ತಿಯನ್ನು ಪಣಕ್ಕಿಟ್ಟರು. ಜುಲೈ 27ರಂದು ಆರೋಪವನ್ನು ಕೈಬಿಡಲಾಯಿತು. 2008ರಲ್ಲಿ ಪ್ರಕಟವಾದ ಕ್ಲಾರ್ಕ್ ವಿಚಾರಣಾ ವರದಿ ಅವರ ವಿರುದ್ಧ ಸಾಕ್ಷ್ಯವಿರಲಿಲ್ಲ ಎಂದಿತು. 2010ರ ಡಿಸೆಂಬರಿನಲ್ಲಿ ಆಸ್ಟ್ರೇಲಿಯ ಸರ್ಕಾರ ಪರಿಹಾರ ಕೊಟ್ಟಿತು.

ಇಲ್ಲಿ ಯಂತ್ರ ಸುಳ್ಳು ಹೇಳಲಿಲ್ಲ ಎಂಬುದನ್ನು ಗಮನಿಸಬೇಕು. ಸಿಮ್ ಯಾರ ಹೆಸರಿನಲ್ಲಿದೆ ಎಂದು ಯಂತ್ರ ಹೇಳಿದ್ದು ಸರಿಯೇ ಇತ್ತು. ಅದು ಎಲ್ಲಿತ್ತು, ಯಾಕೆ ಅಲ್ಲಿತ್ತು ಎಂಬುದನ್ನು ಮನುಷ್ಯರು ಕಲ್ಪಿಸಿಕೊಂಡರು. ಹೆಸರೊಂದು, ಊರೊಂದು, ನೆಂಟಸ್ತಿಕೆಯೊಂದು ಸಿಕ್ಕಕೂಡಲೇ ಉಳಿದ ಕತೆ ತಾನಾಗಿ ತುಂಬಿಕೊಂಡಿತು. ಚಿತ್ರದ ವಕೀಲ ಓಡಿ ಗೆದ್ದ. ಹನೀಫ್ ಓಡಲಿಲ್ಲ. ಅವರನ್ನು ಉಳಿಸಿದ್ದು ಒಂದು ತೆರೆದ ನ್ಯಾಯಾಲಯ, ಹಟ ಹಿಡಿದ ವಕೀಲ, ಪ್ರಶ್ನೆ ಕೇಳುವ ಪತ್ರಿಕೆ. ಈ ಮೂರೂ ಇಲ್ಲದ ಕಡೆ ಅದೇ ಸಿಮ್ ಕಾರ್ಡು ಇಂದಿಗೂ ಜೀಪಿನಲ್ಲೇ ಇರುತ್ತಿತ್ತು.

ಹುಲಿಯ ಪಟ್ಟೆ

ಹಾಗೆಂದು ನೋಡುವ ಯಂತ್ರವನ್ನೇ ಶಪಿಸಬೇಕಾಗಿಲ್ಲ. ಕ್ಯಾಮರಾ ಒಳ್ಳೆಯ ಕೆಲಸವನ್ನೂ ಮಾಡಿದೆ, ಅದೂ ನಮ್ಮ ಮಗ್ಗುಲಲ್ಲೇ. ಕೊಡಗು, ಮೈಸೂರು ಜಿಲ್ಲೆಗಳಲ್ಲಿ ಹರಡಿರುವ ನಾಗರಹೊಳೆಯ ಕಾಡಿನಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1990ರ ದಶಕದಲ್ಲಿ ತಾನಾಗಿ ಚಿತ್ರ ತೆಗೆಯುವ ಕ್ಯಾಮರಾಗಳನ್ನು ಹುಲಿಗಳ ದಾರಿಯಲ್ಲಿ ಇರಿಸಿದರು. ಮನುಷ್ಯನ ಬೆರಳಚ್ಚಿನಂತೆ ಪ್ರತಿ ಹುಲಿಯ ಪಟ್ಟೆಯೂ ಬೇರೆ ಬೇರೆ. ಚಿತ್ರಗಳಿಂದ ಹುಲಿಗಳನ್ನು ಗುರುತಿಸಿ, ಗಣಿತದ ಸಹಾಯದಿಂದ ಒಟ್ಟು ಸಂಖ್ಯೆಯನ್ನು ಅಂದಾಜು ಮಾಡುವ ಅವರ ವಿಧಾನ 1995ರಲ್ಲಿ ಪ್ರಕಟವಾಯಿತು. ಹೆಜ್ಜೆಗುರುತು ನೋಡಿ ಲೆಕ್ಕ ಹಾಕುತ್ತಿದ್ದ ಹಳೆಯ ಪದ್ಧತಿಯ ತಪ್ಪುಗಳು ಅದರಿಂದ ಹೊರಬಿದ್ದವು. ಅಜೀಜುಲ್ ಹಕ್ ಬೆರಳಿನ ಗೆರೆಗಳಲ್ಲಿ ಹುಡುಕಿದ್ದನ್ನೇ ಇಲ್ಲಿ ಹುಲಿಯ ಮೈಮೇಲೆ ಹುಡುಕಲಾಯಿತು.

ಆದರೆ ಹುಲಿಗಾಗಿ ಇಟ್ಟ ಕ್ಯಾಮರಾ ತನ್ನ ಮುಂದೆ ಹಾದುಹೋದ ಎಲ್ಲರ ಚಿತ್ರವನ್ನೂ ತೆಗೆಯುತ್ತದೆ. ಅದೇ ದಾರಿಯಲ್ಲಿ ಜೇನಿಗೆ, ಸೌದೆಗೆ ಹೋಗುವ ಜೇನುಕುರುಬರಿದ್ದಾರೆ, ಯರವರಿದ್ದಾರೆ. ಹೆಬ್ಬಾತುಗಳಿಗಾಗಿ ಇಟ್ಟ ಕ್ಯಾಮರಾ ಕೊಲೆಯನ್ನು ಸೆರೆಹಿಡಿಯಿತು ಎಂಬುದು ಆ ಅಮೆರಿಕನ್ ಚಿತ್ರದ ಅತ್ಯಂತ ನಿಜವಾದ ಭಾಗ. ಕ್ಯಾಮರಾಕ್ಕೆ ತಾನು ಏನನ್ನು ನೋಡಲು ಕುಳಿತಿದ್ದೇನೆಂಬ ಅರಿವಿಲ್ಲ. ಚಿತ್ರಗಳು ಯಾರ ಕೈಗೆ ಹೋಗುತ್ತವೆ, ಎಷ್ಟು ಕಾಲ ಉಳಿಯುತ್ತವೆ, ಚಿತ್ರದಲ್ಲಿ ಬಿದ್ದವನಿಗೆ ಕೇಳುವ ಹಕ್ಕಿದೆಯೇ ಎಂಬುದನ್ನು ಕಾನೂನು ಹೇಳಬೇಕು.

ಈ ಪ್ರಶ್ನೆಯನ್ನು ದೇಶದ ಅತ್ಯುನ್ನತ ನ್ಯಾಯಾಲಯದ ಮುಂದೆ ಇಟ್ಟವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಅವರು ಅರ್ಜಿ ಹಾಕಿದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ತೀರ್ಪು ಕೊಟ್ಟಿತು. ಖರಕ್ ಸಿಂಗನ ತೀರ್ಪಿನಲ್ಲಿ ಬಿಟ್ಟುಹೋಗಿದ್ದ ಮಾತು ಐವತ್ತೈದು ವರ್ಷದ ನಂತರ ಪೂರ್ತಿಯಾಯಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ ತೀರಿಕೊಂಡರು.

ತೀರ್ಪು ಬಂದ ಮಾತ್ರಕ್ಕೆ ಕದ್ದು ನೋಡುವುದು ನಿಲ್ಲಲಿಲ್ಲ. 2021ರ ಜುಲೈಯಲ್ಲಿ ಪೆಗಾಸಸ್ ಎಂಬ ಇಸ್ರೇಲಿ ತಂತ್ರಾಂಶದ ಸುದ್ದಿ ಹೊರಬಂದಾಗ, ಗುರಿಯಾಗಿರಬಹುದಾದ ದೂರವಾಣಿಗಳ ಪಟ್ಟಿಯಲ್ಲಿ ಕರ್ನಾಟಕದ ರಾಜಕಾರಣಿಗಳಿಗೆ ಸಂಬಂಧಿಸಿದ ಸಂಖ್ಯೆಗಳೂ ಇದ್ದವೆಂದು ವರದಿಯಾಯಿತು. ಸುಪ್ರೀಂ ಕೋರ್ಟು ನಿವೃತ್ತ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಮೇಲ್ವಿಚಾರಣೆಯಲ್ಲಿ ತಾಂತ್ರಿಕ ಸಮಿತಿ ನೇಮಿಸಿತು. ಪರಿಶೀಲಿಸಿದ 29 ದೂರವಾಣಿಗಳಲ್ಲಿ 5ರಲ್ಲಿ ದುರುದ್ದೇಶದ ತಂತ್ರಾಂಶ ಸಿಕ್ಕಿತು; ಅದು ಪೆಗಾಸಸ್ಸೇ ಎಂದು ಖಚಿತವಾಗಲಿಲ್ಲ; ಕೇಂದ್ರ ಸರ್ಕಾರ ಸಹಕರಿಸಲಿಲ್ಲ ಎಂದು 2022ರ ಆಗಸ್ಟಿನಲ್ಲಿ ನ್ಯಾಯಾಲಯದಲ್ಲಿ ತಿಳಿಸಲಾಯಿತು. ಇಮ್ರಾನನ ಕತೆಯಲ್ಲಾದರೆ ಕೊನೆಯ ಪುಟದಲ್ಲಿ ಎಕ್ಸ್-ಟೂ ಯಾರೆಂದು ಓದುಗನಿಗಾದರೂ ಗೊತ್ತಿರುತ್ತಿತ್ತು.

ಹಾಗಾದರೆ ಇಂಥ ಚಿತ್ರಗಳನ್ನು ನೋಡಬಾರದೇ? ಧಾರಾಳವಾಗಿ ನೋಡೋಣ. ಇಬ್ನೆ ಸಫಿಯನ್ನೂ ಮಕ್ಕಳ ಕೈಗೆ ಕೊಡೋಣ, ಒಂದು ಭಾಷೆ ಉಳಿಯುವುದಕ್ಕೆ ಅಂಥ ಪುಸ್ತಕಗಳೂ ಬೇಕು. ಆದರೆ ನಾಳೆ ಬೆಳಿಗ್ಗೆ ಪತ್ರಿಕೆಯಲ್ಲಿ, ಟಿ.ವಿ.ಯಲ್ಲಿ ‘ಮೊಬೈಲ್ ಟವರಿನ ಮಾಹಿತಿಯಿಂದ ಸಿಕ್ಕಿಬಿದ್ದ’ ಯಾರದೋ ಹೆಸರು, ಫೋಟೋ ಬಂದಾಗ ನಾವು ಸಿನಿಮಾ ಪ್ರೇಕ್ಷಕರಂತೆ ಕುಳಿತಿರಬಾರದು. ಆ ಹೆಸರು ನಮ್ಮವರದಾಗಿರಲಿ, ಪಕ್ಕದ ಓಣಿಯವರದಾಗಿರಲಿ, ಅಸ್ಸಾಮಿನಿಂದ ಬಂದ ಕೂಲಿಯವನದಾಗಿರಲಿ, ಸಿಮ್ ಕಾರ್ಡು ನಿಜವಾಗಿ ಎಲ್ಲಿತ್ತು ಎಂದು ಕೇಳಬೇಕು. ಬ್ರಿಸ್ಬೇನಿನಲ್ಲಿ ಅದನ್ನು ಯಾರೋ ಕೇಳಿದ್ದರಿಂದಲೇ ಮೂಡಿಗೆರೆಯ ವೈದ್ಯ ಮೊದಲ ಬಾರಿಗೆ ತನ್ನ ಮಗಳ ಮುಖ ನೋಡಿದ.